ಕೇರಿಯೇ ಮಾತು ಬಿಟ್ಟ ವಾರ

ಆ ಹುಡುಗ ನನ್ನ ಕೋಣೆಗೆ ಬಂದದ್ದು ಕುರ್ಚಿಯ ಸಮೇತ. ಕಾರವಾರದ ನಮ್ಮ ಮಕ್ಕಳ ಆಪ್ತಸಮಾಲೋಚನಾ ಕೇಂದ್ರದ ಹೊರಗೆ, ಸರದಿ ಬರುವವರೆಗೆ ಕೂರಲು ಇಟ್ಟಿರುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಏಳುವುದೇ ಇಲ್ಲ ಎಂದು ಕೂತಿದ್ದ. ತಾಯಿ ಬೇಡಿಕೊಂಡರು, ಗದರಿದರು, ಐಸ್‌ಕ್ರೀಂ ಕೊಡಿಸುತ್ತೇನೆಂದರು. ಕೊನೆಗೆ ಅಜ್ಜ ಒಂದು ಕಡೆಯಿಂದ, ತಾಯಿ ಇನ್ನೊಂದು ಕಡೆಯಿಂದ ಕುರ್ಚಿಯನ್ನೇ ಎತ್ತಿ ಒಳಗೆ ತಂದಿಟ್ಟರು.

"ತಗಳ್ರಿ ಅಕ್ಕೋರೆ," ಎಂದರು ಅಜ್ಜ ಏದುಸಿರು ಬಿಡುತ್ತ. "ದೇವರ ಪಲ್ಲಕ್ಕಿ ಬಂತು."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಆಪ್ತಸಮಾಲೋಚಕಿಯಾದ ನನಗೂ ಅದೇ ಹೆಸರು ಅಂಟಿಕೊಂಡಿದೆ. ಪಲ್ಲಕ್ಕಿಯಲ್ಲಿದ್ದವನು ನನ್ನತ್ತ ನೋಡಿ ನಾಲಿಗೆ ಚಾಚಿದ.

ಅವನು ಅವರ್ಸಾದ ಶಾಲೆಯಲ್ಲಿ ಮೂರನೆಯ ತರಗತಿ. ತಂದೆ ಗೋವಾದ ಒಂದು ಕಂಪನಿಯಲ್ಲಿ ಪಾಳಿಯ ಕೆಲಸಗಾರ, ಬಿಡುವಾದಾಗ ಮಾತ್ರ ಊರಿಗೆ ಬರುತ್ತಾರೆ. ತಾಯಿ ಅಂಕೋಲೆಯ ಬಟ್ಟೆ ಅಂಗಡಿಯಲ್ಲಿ. ಹುಡುಗ ಹಗಲೆಲ್ಲ ಅಜ್ಜನ ಕೈಯಲ್ಲಿ. ಅಜ್ಜನಿಗೆ ಒಂದಿಷ್ಟು ಗದ್ದೆ, ಒಂದಿಷ್ಟು ತೆಂಗು. ಕೆಲವು ದಿನಗಳ ಹಿಂದೆ ಈ ಹುಡುಗ ತರಗತಿಯಲ್ಲಿ ಕಂಪಾಸ್ ಪೆಟ್ಟಿಗೆ ಬೀಸಿ ಒಗೆದಿದ್ದ. ಅದು ಪಕ್ಕದ ಮನೆಯ ಹುಡುಗಿಯ ಹುಬ್ಬಿನ ಮೇಲೆ ಬಿದ್ದು ಹೊಲಿಗೆ ಹಾಕಬೇಕಾಯಿತು. ಇನ್ನೊಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಶಾಲಾ ಸಮಿತಿ ತಿಂಗಳೊಪ್ಪತ್ತು ನೋಡೋಣ ಎಂದಿತ್ತು. ಆಗಲೂ ಹೀಗೇ ಇದ್ದರೆ ಬೇರೆ ಕಡೆ ಸೇರಿಸಿ ಎಂದಿತ್ತು. ತಂದೆ ಅದಕ್ಕೂ ಮೊದಲೇ ಗೋವಾದ ಒಂದು ವಸತಿ ಶಾಲೆಯನ್ನು ವಿಚಾರಿಸಿ ಇಟ್ಟಿದ್ದರು. ಎಂಟು ವರ್ಷದ ಈ ಮಗು ತನ್ನ ಮನೆಯಲ್ಲಿ, ತನ್ನ ಶಾಲೆಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದಷ್ಟೇ ನನ್ನ ಮುಂದಿದ್ದ ಪ್ರಶ್ನೆ.

ಇಂಥ ಮಕ್ಕಳ ವಿಷಯದಲ್ಲಿ ಮೊದಲ ಕೆಲಸ, ತೊಂದರೆ ಯಾವುದಲ್ಲ ಎಂದು ತಿಳಿಯುವುದು. ಕಿವಿ ಸರಿಯಾಗಿ ಕೇಳದ ಮಗು ಹೇಳಿದ ಮಾತು ಮೀರುವ ಮಗುವಿನಂತೆಯೇ ಕಾಣುತ್ತದೆ. ಅಕ್ಷರ ಕೂಡಿಸಲಾಗದ ಮಗು ಪುಸ್ತಕ ಹರಿಯುತ್ತದೆ. ಸರಿಯಾಗಿ ನಿದ್ದೆಯಾಗದ ಮಗು, ಗುಟ್ಟಾಗಿ ಪೆಟ್ಟು ತಿನ್ನುತ್ತಿರುವ ಮಗು, ಕೂತಲ್ಲಿ ಕೂರಲು ಮಿದುಳೇ ಬಿಡದ ಮಗು, ಎಲ್ಲರೂ ಹೊರಗಿನಿಂದ ಒಂದೇ ಥರ. ಅಂಕೋಲೆಯಲ್ಲಿ ಅವನ ಕಣ್ಣು, ಕಿವಿ ತೋರಿಸಿದೆವು. ಓದಿಸಿ, ಬರೆಸಿ ನೋಡಿದೆ. ತಾಯಿಯನ್ನು, ಅಜ್ಜನನ್ನು, ತರಗತಿಯ ಶಿಕ್ಷಕಿಯನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಹುಡುಗನೊಂದಿಗೆ ಒಬ್ಬಳೇ ಕೂತು ಮನೆಯ ಮಾತು ಕೇಳಿದೆ. ಅವನು ಉತ್ತರ ಕೊಟ್ಟದ್ದು ಮೇಜಿನ ಕೆಳಗಿನಿಂದ. ನಡತೆಯ ತೊಂದರೆಯ ಹೆಚ್ಚು ಗಂಭೀರವಾದ ಒಂದು ರೂಪವಿದೆ. ಅದರಲ್ಲಿ ಮಗು ಪ್ರಾಣಿಗಳನ್ನು ಹಿಂಸಿಸುತ್ತದೆ, ಕದಿಯುತ್ತದೆ, ಬೇಕೆಂದೇ ಬೆಂಕಿ ಹಚ್ಚುತ್ತದೆ. ಇವನಲ್ಲಿ ಅದರ ಗುರುತು ಸಿಗಲಿಲ್ಲ. ಕೇರಿಯ ನಾಯಿಗಳೆಲ್ಲ ಅವನ ಹಿಂದೆಯೇ ತಿರುಗುತ್ತಿದ್ದವು. ಕಂಡದ್ದು ಇದು: ಸಣ್ಣ ಮಾತಿಗೆ ಸಿಟ್ಟು, ಹಿರಿಯರು ಏನೇ ಹೇಳಿದರೂ ಎದುರು ಮಾತು, ತಪ್ಪೆಲ್ಲ ಬೇರೆಯವರದೆಂಬ ವಾದ, ಮತ್ತು ಇವೆಲ್ಲ ಮನೆಯಲ್ಲೂ ಶಾಲೆಯಲ್ಲೂ, ಒಂದು ವರ್ಷದಿಂದ ಬಿಡದೆ. ಕಾರವಾರದ ಮನೋವೈದ್ಯರು ಅವನನ್ನು ನೋಡಿ, ಇದು ವಿರೋಧಿಸುವ, ಧಿಕ್ಕರಿಸುವ ನಡವಳಿಕೆಯ ತೊಂದರೆ ಎಂದರು. "ಸದ್ಯ ಮಾತ್ರೆ ಬೇಡ. ಮೊದಲು ದೊಡ್ಡವರಿಗೆ ಕಲಿಸಿ" ಎಂದರು.

ದೊಡ್ಡವರಿಗೆ ಕಲಿಸುವ ಮುನ್ನ ನಾನು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ, ಅಜ್ಜನ ಜಗಲಿಯಲ್ಲೂ ಕೂತೆ. ಪ್ರತಿ ರಂಪಕ್ಕೂ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು, ಇಷ್ಟನ್ನೇ ನೋಡಿದೆ. ರಂಪ ಶುರುವಾಗುತ್ತಿದ್ದದ್ದು ಮಾಡುತ್ತಿದ್ದುದನ್ನು ನಿಲ್ಲಿಸಿ ಬೇರೊಂದಕ್ಕೆ ಬಾ ಎಂದಾಗ. ಆಟ ಬಿಟ್ಟು ಸ್ನಾನಕ್ಕೆ, ಚಿತ್ರ ಬಿಟ್ಟು ಲೆಕ್ಕಕ್ಕೆ. ಆಮೇಲೆ ಆಗುತ್ತಿದ್ದುದು ಪ್ರತಿ ಸಲವೂ ಒಂದೇ. ಅವನು ಕೂಗಿದ ಕೂಡಲೇ ಕೇರಿಯೇ ಸೇರುತ್ತಿತ್ತು. ಅಂಗಳಗಳ ನಡುವೆ ಬೇಲಿ ಎಂಬುದು ಹೆಸರಿಗಷ್ಟೇ ಇರುವ ಜಾಗ ಅದು. ಒಬ್ಬರು ಗದರುತ್ತಿದ್ದರು, ಒಬ್ಬರು ಬುದ್ಧಿ ಹೇಳುತ್ತಿದ್ದರು, ಇನ್ನೊಬ್ಬರು ಬಾಯಿಗೆ ಕಡಲೆ ಮಿಠಾಯಿ ತುರುಕುತ್ತಿದ್ದರು. ಗಲಾಟೆಯಲ್ಲಿ ಸ್ನಾನ ಮರೆತುಹೋಗುತ್ತಿತ್ತು. ಅವನು ಸುಮ್ಮನೆ ಕೂತು ಮಣ್ಣಿನಲ್ಲಿ ಕಾಲುವೆ ತೋಡುವಾಗ ಮಾತ್ರ ಯಾರೂ ಅವನತ್ತ ನೋಡುತ್ತಿರಲಿಲ್ಲ. "ಈಗ ತಣ್ಣಗಿದ್ದಾನೆ, ಎಬ್ಸಬೇಡಿ" ಎಂದು ಅಜ್ಜ ನನಗೂ ಪಿಸುಗುಟ್ಟಿದ್ದರು.

ಆದ್ದರಿಂದ ನಾನು ತಾಯಿಗೂ ಅಜ್ಜನಿಗೂ ಕಲಿಸಿದ್ದು ಇದು. ದಿನಕ್ಕೊಮ್ಮೆ ಅವನು ಹೇಳಿದ ಆಟ, ಅವನು ಹೇಳಿದಂತೆ, ಬುದ್ಧಿಮಾತಿಲ್ಲದೆ. ಹೇಳುವುದಿದ್ದರೆ ಹತ್ತಿರ ಹೋಗಿ, ಒಂದೇ ಸಲ, ಚಿಕ್ಕದಾಗಿ. ಅವನು ಕೂಗಿದರೆ, ಕಾಲು ಬಡಿದರೆ ಹೊಡೆಯಬೇಡಿ, ಬೈಯಬೇಡಿ, ನೋಡಬೇಡಿ, ಉತ್ತರ ಕೊಡಬೇಡಿ. ಕೂಗು ನಿಂತ ಆ ಗಳಿಗೆಗೇ ತಿರುಗಿ ಮಾತಾಡಿಸಿ. ಯಾರಿಗಾದರೂ ಪೆಟ್ಟಾಗುವಂತಿದ್ದರೆ ಮಾತ್ರ ನಡುವೆ ಹೋಗಿ ತಡೆಯಿರಿ.

"ಕೇರಿಯವ್ರು ಸುಮ್ಮನಿರ್ತ್ರಾ ಅಕ್ಕೋರೆ?" ಎಂದು ಅಜ್ಜ ಕೇಳಿದರು.

"ಅವರಿಗೂ ಹೇಳಿ," ಎಂದೆ. ಅವರು ತಲೆಯಾಡಿಸಿದ ರೀತಿಯಲ್ಲಿ ಒಂದು ಹೊಸ ಹುರುಪಿತ್ತು. ಅದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಒಂದು ವಾರ ಕಳೆಯುವ ಮೊದಲೇ ತಾಯಿಯ ಫೋನು ಬಂತು. "ಅಕ್ಕೋರೆ, ಗುಣ ಬಂತು! ಕೂಗೂದೇ ಇಲ್ಲ. ಬಡಿಸಿದ್ರೆ ಊಟ, ಹಾಸಿದ್ರೆ ನಿದ್ದೆ. ಶಾಲೆಯಲ್ಲೂ ಕಲ್ಲಿನ ಹಾಗೆ ಕೂತಿರ್ತ್ನಂತೆ."

ಸಂತೋಷಪಡಬೇಕಿತ್ತು. ಆದರೆ ಈ ವಿಧಾನದ ಸ್ವಭಾವವೇ ಬೇರೆ. ಇಷ್ಟು ದಿನ ಕೂಗಿದಾಗ ಸಿಗುತ್ತಿದ್ದುದು ಸಿಗದೆ ಹೋದರೆ ಮಗು ಮೊದಲು ಇನ್ನೂ ಜೋರಾಗಿ ಕೂಗಿ ನೋಡುತ್ತದೆ. ಹೆಚ್ಚಾಗಿ ಆಮೇಲೆಯೇ ಇಳಿಯುವುದು. ಏರದೆಯೇ ಇಳಿದದ್ದು ನನಗೆ ಸರಿ ಅನ್ನಿಸಲಿಲ್ಲ. ನನ್ನ ಭೇಟಿಯ ದಿನಕ್ಕೆ ಕಾಯದೆ ಮರುದಿನ ಮಧ್ಯಾಹ್ನ ಅಂಕೋಲೆಯ ಬಸ್ಸು ಹತ್ತಿದೆ.

ಅವರ್ಸಾ ನಿಲ್ದಾಣಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ಬಸ್ಸು ಎಷ್ಟು ವೇಗದಲ್ಲಿತ್ತೋ ಹೇಳಲಾರೆ. ಹೆದ್ದಾರಿ ಅಗಲವಾದ ಮೇಲೆ ಎಲ್ಲ ಗಾಡಿಗಳೂ ವೇಗವಾಗಿಯೇ ಹೋಗುತ್ತವೆ. ಒಮ್ಮೆಲೇ ಬ್ರೇಕು ಬಿತ್ತು. ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಯಾರದೋ ಚೀಲದ ಟೊಮೆಟೊ ಬಾಗಿಲವರೆಗೆ ಉರುಳಿದವು. ಎದ್ದು ನೋಡಿದಾಗ ಮುಂದಿನ ಗಾಜಿನಾಚೆ, ಎರಡು ಮಾರು ದೂರವೂ ಇಲ್ಲದಲ್ಲಿ, ರಸ್ತೆಯ ನಡುವೆ ಆ ಹುಡುಗ ನಿಂತಿದ್ದ. ಶಾಲೆಯ ಅಂಗಿ, ಹೆಗಲಿಗೆ ಚೀಲ. ಓಡಲು ಹೋಗಿ ಸಿಕ್ಕಿಕೊಂಡವನಂತೆ ಇರಲಿಲ್ಲ. ಕಾಲು ಜೋಡಿಸಿ, ಬಸ್ಸಿನ ಕಡೆ ಮುಖ ಮಾಡಿ ನಿಂತಿದ್ದ.

ಹುಬ್ಬಳ್ಳಿ ಕಡೆಯ ಚಾಲಕ ಬಾಗಿಲು ತೆರೆದು ಹಾರಿ ಇಳಿದ. "ಲೇ ಮಂಗ್ಯಾ! ಸಾಯಾಕ ನನ್ನ ಗಾಡೀನೇ ಬೇಕಾತೇನಲೇ ನಿನಗ?"

"ನಿಮ್ ಬಸ್ಸಿಗೆ ಬ್ರೇಕ್ ಉಂಟಲ್ದ?" ಎಂದ ಹುಡುಗ.

"ಬಾಯಿ ನೋಡು ಇವಂದು! ಯಾರ ಮಗಾನಲೇ ನೀ?"

ಹುಡುಗ ತಂದೆಯ ಹೆಸರು ಹೇಳಿದ. ಕೇಳದಿದ್ದರೂ ಅಜ್ಜನ ಹೆಸರನ್ನೂ ಹೇಳಿದ. ಬಸ್ಸು ಹುಬ್ಬಳ್ಳಿಗೆ ಹೋಗುತ್ತದೋ ಅಂಕೋಲೆಗಷ್ಟೇನೋ ಎಂದು ಕೇಳಿದ. ಚಾಲಕ ಬೈದಷ್ಟೂ ಅವನ ಮುಖ ಅರಳುತ್ತಿತ್ತು. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅದನ್ನು ಕಣ್ಣಾರೆ ಕಂಡೆ. ಇಳಿದು ಅವನ ಕೈ ಹಿಡಿದು ರಸ್ತೆಯಂಚಿಗೆ ಕರೆತಂದೆ.

"ಅಕ್ಕೋರೆ," ಎಂದ. "ನೀವು ಮಾತಾಡ್ತ್ರಾ?"

"ಮಾತಾಡ್ತೇನೆ. ಯಾಕೆ ಹಾಗೆ ಕೇಳ್ತೀಯ?"

"ಯಾರೂ ಮಾತಾಡೂದಿಲ್ಲ. ಅಜ್ಜನೂ ಇಲ್ಲ."

ರಸ್ತೆ ಬದಿಯ ಚಹಾ ಅಂಗಡಿಯವನು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಹುಡುಗನತ್ತ ನೋಡದೆ ನನಗೆ ಹೇಳಿದ: "ಮೊನ್ನೆ ಟ್ಯಾಂಕರ್ ಮುಂದೂ ಹೀಂಗೇ ನಿಂತಿದ್ದ, ಅಕ್ಕೋರೆ. ನಾನೇ ರಟ್ಟೆ ಹಿಡಿದು ಎಳ್ದು ಬದಿಗೆ ಬಿಟ್ಟೆ."

"ಏನೂ ಹೇಳಲಿಲ್ಲವೇ ಅವನಿಗೆ? ಮನೆಯವರಿಗೆ?"

"ಮನೆಗೆ ಹೇಳೂಕೆ ಅಂಗಡಿ ಬಿಟ್ಟು ಹೋಗೂಕಾಗ್ಲಿಲ್ಲ. ಅವಂಗೆ ಹೆಂಗೆ ಹೇಳೂದು? ಮಾತಾಡೂಕಿಲ್ಲ ಅಂತ ಅವನ ಅಜ್ಜನೇ ಕೇರಿಗೆಲ್ಲ ಹೇಳಿ ಹೋಗಿದ್ದಾನಲ್ಲ. ಕಾರವಾರದ ಡಾಕ್ಟರ ಮದ್ದಂತೆ."

ಆಗ ನನಗೆ ಎಲ್ಲವೂ ತಿಳಿಯಿತು. ಇಲ್ಲಿನ ಕೇರಿಗಳಲ್ಲಿ ಹಿಂದೆ ಒಂದು ರೂಢಿಯಿತ್ತು. ಕಟ್ಟು ಮೀರಿದವನ ಜೊತೆ ಊರೆಲ್ಲ ಮಾತು ಬಿಡುವುದು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಅವನು ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳುವುದು, ಅವನೇ ಬಂದು ತಪ್ಪಾಯಿತು ಎನ್ನುವವರೆಗೆ. ಈಗ ಅದು ಇಲ್ಲ, ಆದರೆ ಹಿರಿಯರ ನೆನಪಿನಲ್ಲಿ ಇದೆ. ನನ್ನ 'ಕೂಗಿದಾಗ ನೋಡಬೇಡಿ' ಎಂಬ ಮಾತು ಅಜ್ಜನ ಕಿವಿಗೆ ಬಿದ್ದದ್ದೇ ತನಗೆ ಗೊತ್ತಿದ್ದ ಹಳೆಯ ಮದ್ದಾಗಿತ್ತು. ಕೂಗು ನಿಂತಾಗ ತಿರುಗಿ ಮಾತಾಡಿಸಿ ಎಂಬ ಉಳಿದರ್ಧ ಮನೆಯಿಂದ ಮನೆಗೆ ಹೋಗುವಾಗ ಉದುರಿಹೋಗಿತ್ತು. ಕೇರಿ ತನ್ನ ಪೂರ್ತಿ ಪ್ರೀತಿಯಿಂದ, ಪೂರ್ತಿ ಶಿಸ್ತಿನಿಂದ, ಒಂದು ಮಗುವಿನ ಜೊತೆ ಮಾತು ಬಿಟ್ಟಿತ್ತು.

ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆಯಿತ್ತು. ಚಹಾ ಅಂಗಡಿಯ ಬೆಂಚಿನ ಮೇಲೆ ಅವನನ್ನು ಕೂರಿಸಿಕೊಂಡು ನೇರವಾಗಿಯೇ ಕೇಳಿದೆ: ಗಾಡಿ ಬಡಿಯಲಿ, ಸತ್ತುಹೋಗಲಿ ಎಂದು ನಿಂತೆಯಾ?

"ಸಾಯೂಕಲ್ಲ," ಎಂದ, ನನಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ. "ನಿಂತ್ರೆ ಇಳ್ದು ಬೈತಾರೆ."

ಇದನ್ನು ಹಾಗೆಯೇ ಫೋನಿನಲ್ಲಿ ಮನೋವೈದ್ಯರಿಗೆ ಹೇಳಿದೆ. ಇಂದೇ ಈ ಮಾತು ಬಿಡುವುದನ್ನು ನಿಲ್ಲಿಸಿ, ಅವನನ್ನು ಒಬ್ಬನೇ ರಸ್ತೆಗೆ ಬಿಡಬೇಡಿ, ನಾಳೆ ಬೆಳಿಗ್ಗೆ ತಮ್ಮ ಬಳಿ ಕರೆತನ್ನಿ ಎಂದರು ಅವರು. ಕರೆದೊಯ್ದೆವು. ಅವನು ಅವರ ಪೆನ್ನು ಬಿಚ್ಚಿ ಹಾಕಿದ, ಮಾತಂತೂ ನಿಲ್ಲಿಸಲೇ ಇಲ್ಲ. ಸಾಯುವ ಯೋಚನೆ ಅವನಲ್ಲಿಲ್ಲ ಎಂದು ಅವರೂ ಹೇಳಿದರು.

ಆದರೆ ಅದಕ್ಕೆ ಮುಂಚೆ ಆ ಸಂಜೆಯಿತ್ತು. ಅಜ್ಜನಿಗೆ ನಡೆದದ್ದನ್ನು ಹೇಳಿದಾಗ ಅವರು ಮೊಮ್ಮಗನ ಹೆಗಲಿನ ಚೀಲ ಕಳಚಿ ಜಗಲಿಯ ಮೇಲಿಟ್ಟರು. "ಬಡೂದು ಬ್ಯಾಡ ಅಂದ್ರಿ, ಬೈಯೂದು ಬ್ಯಾಡ ಅಂದ್ರಿ," ಎಂದರು. "ಮತ್ತೆ ನಮ್ಗೆ ಗೊತ್ತಿರೂದು ಇದೊಂದೇ ಅಲ್ದ?" ತಾಯಿ ಅಳುತ್ತ ಮಗನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು, ಅವನು ಒದ್ದು ಇಳಿದ. ಗೋವಾದಿಂದ ತಂದೆ ಫೋನಿನಲ್ಲಿ ಗಟ್ಟಿಯಾಗಿ ಹೇಳಿದ್ದು ನಮಗೆಲ್ಲ ಕೇಳಿಸಿತು: "ಸಾಕು ಮಾಡಿ ನಿಮ್ಮ ಪ್ರಯೋಗ. ಸಮಿತಿ ಮೀಟಿಂಗಿಗೆ ಬರ್ತೆ, ಬಂದವ ಅವನ್ನ ಕರ್ಕೊಂಡೇ ಹೋಗ್ತೆ."

ಅವರ ಸಿಟ್ಟು ತಪ್ಪಾಗಿರಲಿಲ್ಲ. ಕೈಬಿಟ್ಟು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಹಣೆಯ ಊತಕ್ಕೆ ತಾಯಿ ಕೊಟ್ಟ ಒದ್ದೆ ಬಟ್ಟೆ ಒತ್ತಿಕೊಂಡು ಯೋಚಿಸಿದೆ. ಒಂದು ಇಡೀ ಕೇರಿ, ಒಬ್ಬರೂ ತಪ್ಪದೆ, ಹೇಳಿದ್ದನ್ನು ಪಾಲಿಸಿತ್ತು. ನನ್ನ ಕೆಲಸದಲ್ಲಿ ಇಬ್ಬರು ದೊಡ್ಡವರನ್ನು ಒಂದೇ ಮಾತಿಗೆ ನಿಲ್ಲಿಸುವುದೇ ಕಷ್ಟ. ಇಲ್ಲಿ ಎಲ್ಲರೂ ನಿಂತಿದ್ದರು, ದಿಕ್ಕು ಮಾತ್ರ ಉಲ್ಟಾ. ಅಜ್ಜನಿಗೆ ಹೇಳಿದೆ: "ಭಾನುವಾರ ಬೆಳಿಗ್ಗೆ ಎಲ್ಲರನ್ನೂ ನಿಮ್ಮ ಅಂಗಳಕ್ಕೆ ಕರೆಯಿರಿ. ಈ ಸಲ ನಾನೇ ಹೇಳುತ್ತೇನೆ."

ಬಂದರು. ಚಹಾ ಅಂಗಡಿಯವನೂ ಅಂಗಡಿಗೆ ಬಾಗಿಲು ಹಾಕಿ ಬಂದ. ಹುಬ್ಬಿಗೆ ಹೊಲಿಗೆ ಬಿದ್ದ ಹುಡುಗಿಯ ತಾಯಿ ಅಂಗಳದೊಳಗೆ ಬರಲಿಲ್ಲ. ತನ್ನ ಕಡೆಯ ಬೇಲಿಯಾಚೆ ಬಟ್ಟೆ ಒಣಗಿಸುತ್ತ ನಿಂತರು. ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಕೊಡವುತ್ತಿದ್ದುದರಿಂದ ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿಯಿತು. ಹುಡುಗನನ್ನು ತಾಯಿ ಗದ್ದೆಯ ಕಡೆ ಕರೆದೊಯ್ದಿದ್ದರು.

ಮಾತಿನಲ್ಲಿ ಹೇಳಿದ್ದು ಒಮ್ಮೆ ಕೆಟ್ಟಿತ್ತು. ಈ ಸಲ ಮಾಡಿಸಿ ತೋರಿಸುವುದೆಂದು ನಿಶ್ಚಯಿಸಿದ್ದೆ. "ಅಜ್ಜ, ನೀವೇ ಮೊಮ್ಮಗ. ಸ್ನಾನಕ್ಕೆ ಕರೆದಿದ್ದಾರೆ. ಹಟ ಮಾಡಿ," ಎಂದೆ.

ಅಜ್ಜ ನಾಚಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಅಂಗಳದ ನಡುವೆ ಕೂತು ಎರಡೂ ಕಾಲು ಬಡಿದು, "ನಾ ಬರೂದಿಲ್ಲಾ!" ಎಂದು ಕೂಗಿದರು. ನಾಯಿಗಳು ಎದ್ದು ಬೊಗಳಿದವು.

"ಅಯ್ಯೋ, ಥೇಟ್ ಅವನೇ!" ಎಂದಳು ಒಬ್ಬ ಮುದುಕಿ. "ಮೊಮ್ಮಗ ಎಲ್ಲಿಂದ ಕಲ್ತ ಅಂತ ಈಗ ಗೊತ್ತಾಯ್ತು ಮಾರಾಯ!"

ನಗು ತಗ್ಗಿದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಅಭ್ಯಾಸ ಮಾಡಿಸಿದೆ. ಅಜ್ಜ ಕೂಗುವಾಗ ಕೈಯಲ್ಲಿದ್ದ ಕೆಲಸ ಮುಂದುವರಿಸುವುದು. ಕೂಗು ನಿಂತೊಡನೆ, ಉಸಿರು ಎಳೆದುಕೊಳ್ಳುವ ಸದ್ದು ಕೇಳುವಷ್ಟರಲ್ಲಿ, ತಿರುಗಿ ಏನಾದರೂ ಸಾದಾ ಮಾತು. ಹೊಗಳಿಕೆಯೇ ಆಗಬೇಕೆಂದಿಲ್ಲ. ಅವನು ಕಾಲುವೆ ತೋಡುತ್ತ ಸುಮ್ಮನಿದ್ದಾಗಲೂ ಹಾದುಹೋಗುವವರು ನಿಂತು ಕೇಳಬೇಕು: ನೀರು ಎಲ್ಲಿಗೆ ಬಿಡ್ತೀಯ? ರಸ್ತೆಗೆ ಹೋದರೆ ಮಾತ್ರ ಯಾವ ನಿಯಮವೂ ಇಲ್ಲ, ಮೊದಲು ಕಂಡವರು ಹಿಡಿದು ಮನೆಗೆ ತಲುಪಿಸಬೇಕು. ಪ್ರತಿಯೊಬ್ಬರೂ ಹೇಳಿದ್ದನ್ನು ನನಗೆ ತಿರುಗಿ ಹೇಳುವವರೆಗೆ ಬಿಡಲಿಲ್ಲ. ಚಹಾ ಅಂಗಡಿಯವನಿಂದ ಎರಡು ಸಲ ಹೇಳಿಸಿದೆ.

ಕೊನೆಗೆ ಬೇಲಿಯತ್ತ ಹೋದೆ. ಹುಡುಗಿಯ ತಾಯಿ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

"ಎಲ್ರೂ ಮಾತಾಡ್ಲಿ. ನನ್ನ ಬಾಯಿಂದ ಬರೂದಿಲ್ಲ ಅಕ್ಕೋರೆ. ದಿನಾ ಮಗಳ ತಲೆ ಬಾಚೂವಾಗ ಆ ಗಾಯ ಕಾಣ್ತದೆ."

"ನೀವು ಮಾತಾಡಲೇಬೇಕೆಂದಿಲ್ಲ," ಎಂದೆ. ಅದು ನಿಜವಾಗಿಯೂ ನನ್ನ ಅಭಿಪ್ರಾಯವಾಗಿತ್ತು. ಮಗಳು ಹೇಗಿದ್ದಾಳೆಂದು ಕೇಳಿದೆ. ಶಾಲೆಯಲ್ಲಿ ಅವನು ಎದ್ದು ನಿಂತರೆ ಸಾಕು, ಮುಖ ಮುಚ್ಚಿಕೊಳ್ಳುತ್ತಾಳೆ ಎಂದರು. ಅಂದಿನಿಂದ ಪ್ರತಿ ಭೇಟಿಯಲ್ಲೂ ಆ ಹುಡುಗಿಯ ಜೊತೆ ಮೊದಲು ಕೂತು, ಆಮೇಲೆ ಅವನ ಬಳಿ ಹೋಗತೊಡಗಿದೆ.

ಮಾತು ಮರಳಿದ ಮೇಲೆ ರಂಪವೂ ಮರಳಿತು, ಮೊದಲಿಗಿಂತ ಜೋರಾಗಿ. ನಾನು ಕಾಯುತ್ತಿದ್ದುದು ಅದನ್ನೇ, ಆದರೂ ಕಷ್ಟವಾಯಿತು. ಅವನು ಅಜ್ಜನ ಚಪ್ಪಲಿ ಬಾವಿಗೆ ಹಾಕಿದ. ಶಾಲೆಯಲ್ಲಿ ಕೈತೊಳೆಯುವ ನಲ್ಲಿ ಮುರಿದ. ಮುಖ್ಯ ಶಿಕ್ಷಕರು ಫೋನು ಮಾಡಿ, "ಅಕ್ಕೋರೆ, ನಿಮ್ಮ ಮದ್ದು ಹಚ್ಚಿದಷ್ಟೂ ಹುಣ್ಣು ದೊಡ್ಡದಾಗ್ತಾ ಉಂಟಲ್ಲ," ಎಂದರು. ಮರುದಿನವೇ ಹೋಗಿ ತರಗತಿಯಲ್ಲಿ ಕೂತೆ. ಚಿತ್ರ ಮುಗಿಸಿ ಲೆಕ್ಕ ತೆಗೆಯಿರಿ ಎಂಬ ಮಾತು ಅವನಿಗೆ ಪ್ರತಿ ಸಲವೂ ಸಿಡಿಲಿನಂತೆ ಬೀಳುತ್ತಿತ್ತು. ಶಿಕ್ಷಕಿ ಸ್ವಲ್ಪ ಮೊದಲೇ ಅವನ ಮೇಜಿನ ಬಳಿ ಹೋಗಿ, ಮೆಲ್ಲಗೆ, "ಇದೊಂದು ಬಣ್ಣ ತುಂಬಿದ ಮೇಲೆ ಲೆಕ್ಕ" ಎಂದು ಹೇಳಿಡಲು ಒಪ್ಪಿದರು. ಮುರಿದ ನಲ್ಲಿಯನ್ನು ಜೋಡಿಸಲು ಬಂದವನ ಬಳಿ ಹುಡುಗನನ್ನೇ ನಿಲ್ಲಿಸಿ ಸ್ಪ್ಯಾನರ್ ಹಿಡಿಸಿದೆವು. ಅದು ಶಿಕ್ಷೆ, ಆದರೆ ಕೆಲಸ ಮುಗಿದ ಮೇಲೆ ಯಾರೂ ಆ ಮಾತು ಎತ್ತಕೂಡದು ಎಂಬುದು ಕರಾರು.

ಕೇರಿ ಮಾತ್ರ ಬಿಗಿಯಾಗಿ ನಿಂತಿತು. ಅವನು ಅಂಗಳದಲ್ಲಿ ಹೊರಳಾಡುತ್ತಿದ್ದರೆ ಎಲ್ಲರೂ ಬೆನ್ನು ತಿರುಗಿಸಿ ಸೊಪ್ಪು ಸೋಸುತ್ತಿದ್ದರು. ಕೂಗು ನಿಂತದ್ದೇ ನಾಲ್ಕು ಕಡೆಯಿಂದ ಒಟ್ಟಿಗೆ, "ಏ ತಮಾ, ಎಂತ ಮಾಡ್ತಿದ್ದೆ?" ಎಂಬ ಕೂಗು. ಒಮ್ಮೆ ಅವನು ಸಿಡುಕಿ, "ನಿಲ್ಲಿಸ್ದ್ರೂ ಬಿಡೂದಿಲ್ಲ ಇವ್ರು!" ಎಂದದ್ದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಹೊರಳಾಟಗಳು ಮೊಟಕಾದವು. ಇಲ್ಲವಾಗಲಿಲ್ಲ. ರಸ್ತೆಯಲ್ಲಿ ಅವನು ಮತ್ತೆ ನಿಂತದ್ದನ್ನು ಯಾರೂ ಕಾಣಲಿಲ್ಲ.

ಸಮಿತಿಯ ಸಭೆ ಶಾಲೆಯ ಮೂರನೆಯ ತರಗತಿಯಲ್ಲೇ ನಡೆಯಿತು. ದೊಡ್ಡವರೆಲ್ಲ ಮೊಣಕಾಲು ಎದೆಗೆ ತಾಗುವಂತೆ ಮಕ್ಕಳ ಬೆಂಚುಗಳಲ್ಲಿ ಕೂತಿದ್ದರು. ಗೋವಾದಿಂದ ತಂದೆ ಬಂದಿದ್ದರು. ವಸತಿ ಶಾಲೆಯಲ್ಲಿ ಸೀಟು ಹಿಡಿದು ಇಟ್ಟಿರುವುದಾಗಿ ಹೇಳಿದರು. ನಾನು ಕಂಡದ್ದನ್ನು ಹೇಳಿದೆ: ಏನು ಕಡಿಮೆಯಾಗಿದೆ, ಏನು ಆಗಿಲ್ಲ. ವಾಸಿಯಾಗಿದ್ದಾನೆಂದು ಹೇಳಲಿಲ್ಲ. ಇನ್ನೂ ಒಂದು ವರ್ಷವಾದರೂ ಬೇಕು, ಅದೂ ಸುತ್ತಲಿನವರು ಹೀಗೇ ನಿಂತರೆ, ಎಂದೆ. ಮುಖ್ಯ ಶಿಕ್ಷಕರು ಹುಡುಗಿಯ ತಾಯಿಯ ಕಡೆ ತಿರುಗಿ, ಪೆಟ್ಟು ತಿಂದದ್ದು ನಿಮ್ಮ ಮಗು, ನೀವು ಹೇಳಿ ಎಂದರು.

ಅವರು ಎದ್ದು ನಿಂತು ಸೆರಗು ಸರಿ ಮಾಡಿಕೊಂಡರು.

"ಅವ ಸುಧಾರ್ಸಿದ್ದಾ ಅಂತ ನಾ ಹೇಳೂದಿಲ್ಲ. ನಿನ್ನೆ ನಮ್ಮ ಅಂಗಳಕ್ಕೆ ಬಂದು ತುಂಬಿದ ಕೊಡಪಾನ ಒದ್ದ. ನಂಗೆ ಸಿಟ್ಟು ತಡೀಲಿಲ್ಲ, ಬಾಯಿಗೆ ಬಂದ ಹಾಗೆ ಬೈದೆ. ಬೈಯೂಕೂ ಬಾಯಿ ತೆಗೀಬಾರ್ದು ಅಂತ ಹಟ ಇಟ್ಕೊಂಡಿದ್ದೆ, ಅದು ಮುರೀತು. ಓಡಿ ಹೋಗ್ತ್ನ ಅಂತ ಮಾಡಿದ್ದೆ. ಹೋಗ್ಲಿಲ್ಲ. ನಾ ಮುಗ್ಸೂವರೆಗೆ ನಿಂತು ಕೇಳ್ದ. ಮತ್ತೆ ಕೊಡಪಾನ ತಕಂಡು ಹೋಗಿ ನೀರು ತಂದ. ಅರ್ಧ ದಾರಿಗೇ ಚೆಲ್ಲಿದ, ಆದ್ರೂ ತಂದ."

ತಂದೆ ತಲೆ ತಗ್ಗಿಸಿ ಕೂತಿದ್ದರು. ಆ ಹೆಂಗಸು ಈಗ ನೇರವಾಗಿ ಅವರನ್ನೇ ನೋಡಿದರು.

"ನೀ ಪಾಳಿಗೆ ಹೋಗೂವವ. ಗೋವಾದಲ್ಲಿ ಅವಂಗೆ ಬೈಯೂಕೆ ಯಾರಿದ್ದಾರಾ?"

ತಂದೆ ಬೆಂಚಿನ ಮೇಲೆ ಯಾರೋ ಕೊರೆದಿದ್ದ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು. ಕೊನೆಗೆ, "ಈ ವರ್ಷ ಇಲ್ಲೇ ಇರ್ಲಿ," ಎಂದರು. ಸಮಿತಿಯವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಮುಖ್ಯ ಶಿಕ್ಷಕರು ಬರೆದುಕೊಳ್ಳಲು ಪೆನ್ನು ತೆಗೆದರು.

"ನಿಲ್ಲಿ ಮಾಸ್ತರ್ರೆ," ಎಂದರು ಹುಡುಗಿಯ ತಾಯಿ, ಇನ್ನೂ ನಿಂತೇ ಇದ್ದವರು. "ನನ್ನ ಮಗಳ ಹತ್ರ ಮಾತ್ರ ಅವನ್ನ ಕೂರ್ಸೂಕಿಲ್ಲ. ಅವಳಾಗಿ ಹೇಳೂವರೆಗೆ. ಅದನ್ನೂ ಬರೀರಿ."

ಅವರು ಅದನ್ನೂ ಬರೆದರು.